ಪಾಠ ಬಾಯಿಪಾಠವಾಯಿತು, ಸೋಂಕು ಇಳಿಯಲಿಲ್ಲ

ವಿಶ್ವ ಏಡ್ಸ್ ದಿನವಾದ ಡಿಸೆಂಬರ್ ಒಂದು ಬಂತೆಂದರೆ ನಮ್ಮ ಕಾಲೇಜುಗಳಲ್ಲಿ ಕೆಂಪು ರಿಬ್ಬನ್ ಜಾಥಾ ಹೊರಡುತ್ತದೆ. ಭಿತ್ತಿಪತ್ರ ಸ್ಪರ್ಧೆ, ರಸಪ್ರಶ್ನೆ, ತಾಲ್ಲೂಕು ಆಸ್ಪತ್ರೆಯ ಆಪ್ತ ಸಮಾಲೋಚಕರಿಂದ ಒಂದು ಉಪನ್ಯಾಸ, ಕೊನೆಗೆ ಪ್ರತಿಜ್ಞೆ. ಎಚ್‌ಐವಿ ಹೇಗೆ ಹರಡುತ್ತದೆ ಎಂದು ಕೇಳಿದರೆ ಪಿಯುಸಿ ಓದುವವರು ತಡವರಿಸದೆ ಹೇಳುತ್ತಾರೆ: ಅಸುರಕ್ಷಿತ ಲೈಂಗಿಕ ಸಂಪರ್ಕ, ಸೋಂಕಿರುವ ರಕ್ತ, ಇನ್ನೊಬ್ಬರು ಬಳಸಿದ ಸೂಜಿ, ತಾಯಿಯಿಂದ ಮಗುವಿಗೆ. ಕೈಕುಲುಕಿದರೆ ಬರುವುದಿಲ್ಲ, ಸೊಳ್ಳೆ ಕಚ್ಚಿದರೂ ಬರುವುದಿಲ್ಲ ಎಂಬುದೂ ಗೊತ್ತು. ಉತ್ತರಪತ್ರಿಕೆಯ ಮಟ್ಟಿಗೆ ಪೂರ್ಣಾಂಕ.

ಈ ಪೂರ್ಣಾಂಕದಿಂದ ಯಾರಿಗಾದರೂ ಸೋಂಕು ತಪ್ಪುತ್ತದೆಯೇ? ಕುಹಕಕ್ಕಾಗಿ ಕೇಳುತ್ತಿಲ್ಲ. ಕಳೆದ ಇಪ್ಪತ್ತೈದು ವರ್ಷಗಳಲ್ಲಿ ಸಂಶೋಧಕರು ಇದೇ ಪ್ರಶ್ನೆಯನ್ನು ಹಿಡಿದು ಸಾವಿರಾರು ಹದಿಹರೆಯದವರ ರಕ್ತ ಪರೀಕ್ಷಿಸಿದ್ದಾರೆ, ಉತ್ತರಕ್ಕಾಗಿ ವರ್ಷಗಟ್ಟಲೆ ಕಾದಿದ್ದಾರೆ. ಹೆಚ್ಚಿನ ಕೆಲಸ ನಡೆದದ್ದು ಪೂರ್ವ ಮತ್ತು ದಕ್ಷಿಣ ಆಫ್ರಿಕಾದ ದೇಶಗಳಲ್ಲಿ, ಏಕೆಂದರೆ ರೋಗದ ಹೊರೆ ಇರುವುದು ಅಲ್ಲಿ. ಜಗತ್ತಿನಲ್ಲಿ ಪ್ರತಿ ವಾರ 15ರಿಂದ 24 ವಯಸ್ಸಿನ ಸುಮಾರು 4,000 ಹೆಣ್ಣುಮಕ್ಕಳಿಗೆ ಹೊಸದಾಗಿ ಎಚ್‌ಐವಿ ತಗಲುತ್ತದೆ. ಅವರಲ್ಲಿ ಬಹುಪಾಲು ಸಹಾರಾದ ದಕ್ಷಿಣಕ್ಕಿರುವ ದೇಶಗಳವರು. ಅಲ್ಲಿ ಸಿಕ್ಕ ಉತ್ತರಗಳು ಜಾಥಾ ಏರ್ಪಡಿಸುವವರಿಗೂ ರುಚಿಸುವುದಿಲ್ಲ, ಇಂಥ ಪಾಠವೇ ಬೇಡ ಎನ್ನುವವರಿಗೂ ರುಚಿಸುವುದಿಲ್ಲ.

ಮ್ವಾಂಜಾದಲ್ಲಿ ಆದದ್ದು

ವಿಕ್ಟೋರಿಯಾ ಸರೋವರದ ದಕ್ಷಿಣ ದಂಡೆಯಲ್ಲಿ ತಾಂಜಾನಿಯಾದ ಮ್ವಾಂಜಾ ಪ್ರದೇಶವಿದೆ. 1998ರಲ್ಲಿ ಅಲ್ಲಿನ 20 ಗ್ರಾಮೀಣ ಸಮುದಾಯಗಳಿಂದ ಒಂಬತ್ತೂವರೆ ಸಾವಿರಕ್ಕೂ ಹೆಚ್ಚು ಹದಿಹರೆಯದವರನ್ನು ಅಧ್ಯಯನಕ್ಕೆ ಸೇರಿಸಿಕೊಂಡರು. ಚೀಟಿ ಎತ್ತಿದಂತೆ ಹತ್ತು ಸಮುದಾಯಗಳನ್ನು ಆರಿಸಿ, ಅಲ್ಲಿ ಮಾತ್ರ 'ಮೇಮಾ ಕ್ವಾ ವಿಜಾನಾ' ಎಂಬ ಕಾರ್ಯಕ್ರಮ ಶುರು ಮಾಡಿದರು. ಉಳಿದ ಹತ್ತು ಇದ್ದಂತೆಯೇ ಇದ್ದವು.

ಒಬ್ಬೊಬ್ಬ ವಿದ್ಯಾರ್ಥಿಯನ್ನು ಆರಿಸುವ ಬದಲು ಇಡೀ ಊರನ್ನೇ ಆರಿಸಿದ್ದಕ್ಕೆ ಕಾರಣವಿದೆ. ಒಬ್ಬಳಿಗೆ ಹೇಳಿದ ಮಾತು ಗೆಳತಿಯ ಕಿವಿಗೂ ಬೀಳುತ್ತದೆ. ಸೋಂಕು ಕೂಡ ಒಂಟಿ ಪ್ರಯಾಣಿಕನಲ್ಲ; ಊರಲ್ಲಿ ಹತ್ತು ಜನರಿಗೆ ತಪ್ಪಿದರೆ ಹನ್ನೊಂದನೆಯವರಿಗೂ ಅದರ ಲಾಭ ತಟ್ಟುತ್ತದೆ. ಊರಿಗೆ ಊರನ್ನೇ ಹೋಲಿಸಿದರೆ ಮಾತ್ರ ಈ ಲೆಕ್ಕ ಸರಿಯಾಗಿ ಕೂಡುತ್ತದೆ.

ಕಾರ್ಯಕ್ರಮವೇನೂ ಕಾಟಾಚಾರದ್ದಾಗಿರಲಿಲ್ಲ. ಪ್ರಾಥಮಿಕ ಶಾಲೆಯ ಕೊನೆಯ ಮೂರು ತರಗತಿಗಳಲ್ಲಿ ತರಬೇತಿ ಪಡೆದ ಶಿಕ್ಷಕರು ಪಾಠ ಮಾಡಿದರು, ಅವರಿಗೆ ನೆರವಾಗಲು ಸಹಪಾಠಿಗಳನ್ನೇ ತಯಾರು ಮಾಡಿದರು. ಯುವಜನರು ಬಂದರೆ ಗದರದೆ ಮಾತನಾಡಿಸುವಂತೆ ಆರೋಗ್ಯ ಕೇಂದ್ರದ ಸಿಬ್ಬಂದಿಗೆ ಕಲಿಸಿದರು. ಊರಿನ ಯುವಕರ ಮೂಲಕವೇ ಕಾಂಡೋಮ್ ಸಿಗುವಂತೆ ಮಾಡಿದರು.

ಮೂರು ವರ್ಷಗಳ ನಂತರ ಪ್ರಶ್ನೆಗಳನ್ನು ಕೇಳಿದಾಗ ಫಲಿತಾಂಶ ಚೆನ್ನಾಗಿಯೇ ಇತ್ತು. ತಿಳಿವಳಿಕೆ ಹೆಚ್ಚಿತ್ತು, ಮನೋಭಾವ ಬದಲಾಗಿತ್ತು, ತಮ್ಮ ನಡವಳಿಕೆಯೂ ಸುಧಾರಿಸಿದೆ ಎಂದು ಹಲವರು, ಅದರಲ್ಲೂ ಹುಡುಗರು, ಹೇಳಿದರು. ರಕ್ತ ಪರೀಕ್ಷೆ ಮಾತ್ರ ಬೇರೆಯೇ ಹೇಳಿತು. ಎಚ್‌ಐವಿಯಲ್ಲಿ ಎರಡು ಬಗೆಯ ಊರುಗಳ ನಡುವೆ ಸ್ಪಷ್ಟ ವ್ಯತ್ಯಾಸವಿಲ್ಲ. ಜನನಾಂಗದ ಹರ್ಪಿಸ್ ಸೋಂಕಿನಲ್ಲೂ ಇಲ್ಲ. ಈ ಹರ್ಪಿಸ್ ಹೆಸರು ಇಂಥ ಅಧ್ಯಯನಗಳಲ್ಲಿ ಪದೇ ಪದೇ ಬರುತ್ತದೆ: ಲೈಂಗಿಕ ಸಂಪರ್ಕದಿಂದ ಹರಡುವ ಈ ವೈರಸ್ ಒಮ್ಮೆ ತಗಲಿದರೆ ರಕ್ತದಲ್ಲಿ ಅದರ ಗುರುತು ಜೀವನಪರ್ಯಂತ ಉಳಿಯುತ್ತದೆ, ಹಾಗಾಗಿ ಅಸುರಕ್ಷಿತ ಸಂಪರ್ಕವನ್ನು ಅಳೆಯಲು ಅದು ಎಚ್‌ಐವಿಗಿಂತ ಸೂಕ್ಷ್ಮವಾದ ಅಳತೆಗೋಲು. ಮೂರು ವರ್ಷ ಸಾಲದೇನೋ ಎಂದು 2007–08ರಲ್ಲಿ ಮತ್ತೆ ಹೋಗಿ ಅದೇ ಊರುಗಳ ಸುಮಾರು 13,800 ಯುವಜನರನ್ನು ಪರೀಕ್ಷಿಸಿದರು. ಪಾಠದ ನೆನಪು ಅಷ್ಟು ವರ್ಷಗಳ ನಂತರವೂ ಉಳಿದಿತ್ತು. ಸೋಂಕು ಎರಡೂ ಕಡೆ ಸರಿಸಮ.

ಹಾಗಾದರೆ ನಡವಳಿಕೆ ಸುಧಾರಿಸಿತು ಎಂದವರು ಸುಳ್ಳು ಹೇಳಿದರೇ? ಕೆಲವರು ಹೇಳಿರಬೇಕು. ಪ್ರಯೋಗಾಲಯದ ವರದಿ ಸೋಂಕನ್ನೋ ಗರ್ಭವನ್ನೋ ತೋರಿಸುತ್ತಿದ್ದಾಗಲೂ ತಮಗೆ ಲೈಂಗಿಕ ಸಂಪರ್ಕವೇ ಆಗಿಲ್ಲ ಎಂದ ಹುಡುಗ ಹುಡುಗಿಯರು ಮ್ವಾಂಜಾದಲ್ಲಿ ಕಡಿಮೆ ಇರಲಿಲ್ಲ. ಪಾಠ ಚೆನ್ನಾಗಿ ಕಲಿತವರಿಗೆ 'ಸರಿಯಾದ' ಉತ್ತರ ಯಾವುದೆಂಬುದೂ ಚೆನ್ನಾಗಿಯೇ ಗೊತ್ತಿರುತ್ತದೆ. ಜಾಗೃತಿ ಕಾರ್ಯಕ್ರಮದ ಮುಂಚೆ ಮತ್ತು ನಂತರ ಪ್ರಶ್ನಾವಳಿ ತುಂಬಿಸಿ 'ಶೇಕಡಾ ಇಷ್ಟು ಪರಿವರ್ತನೆ' ಎಂದು ಬರೆಯುವ ವರದಿಗಳನ್ನು ನಾನು ಅಂದಿನಿಂದ ನಂಬುವುದು ಬಿಟ್ಟಿದ್ದೇನೆ.

ಮ್ವಾಂಜಾ ಒಂದೇ ಆಗಿದ್ದರೆ ಅಪವಾದ ಎನ್ನಬಹುದಿತ್ತು. ಜಿಂಬಾಬ್ವೆಯ 30 ಸಮುದಾಯಗಳಲ್ಲಿ 2003ರಿಂದ 2007ರವರೆಗೆ ನಡೆದ ಪ್ರಯೋಗವೂ ಎಚ್‌ಐವಿಯನ್ನು ಇಳಿಸಲಿಲ್ಲ. ದಕ್ಷಿಣ ಆಫ್ರಿಕಾದ ಈಸ್ಟರ್ನ್ ಕೇಪ್‌ನ 70 ಹಳ್ಳಿಗಳಲ್ಲಿ ಯುವಕ ಯುವತಿಯರನ್ನು ಸಣ್ಣ ಗುಂಪುಗಳಲ್ಲಿ ಕೂರಿಸಿ, ಹಲವು ವಾರ, ಸಂಬಂಧ, ಹಿಂಸೆ, ಒಪ್ಪಿಗೆ ಇವುಗಳ ಬಗ್ಗೆ ಮಾತನಾಡಿಸಿದ ಕಾರ್ಯಕ್ರಮ ಸ್ವಲ್ಪ ಹೆಚ್ಚು ಫಲ ಕೊಟ್ಟಿತು: ಹರ್ಪಿಸ್ ಸೋಂಕು ಮೂರನೇ ಒಂದರಷ್ಟು ಇಳಿಯಿತು, ಸಂಗಾತಿಯ ಮೇಲೆ ಕೈ ಮಾಡಿದ್ದಾಗಿ ಒಪ್ಪಿಕೊಂಡ ಗಂಡಸರ ಸಂಖ್ಯೆ ಕಡಿಮೆಯಾಯಿತು. ಎಚ್‌ಐವಿ ಅಲ್ಲಿಯೂ ಜಗ್ಗಲಿಲ್ಲ. ಇನ್ನು 'ಮದುವೆಯವರೆಗೆ ಸಂಯಮ, ಆಮೇಲೆ ನಿಷ್ಠೆ' ಎಂಬ ಉಪದೇಶಕ್ಕೆ ಅಮೆರಿಕ ಸರ್ಕಾರ 2004ರಿಂದ 2013ರವರೆಗೆ ಆಫ್ರಿಕಾದಲ್ಲಿ 140 ಕೋಟಿ ಡಾಲರ್‌ಗಿಂತ ಹೆಚ್ಚು ಸುರಿಯಿತು. 22 ದೇಶಗಳ ಅಂಕಿಅಂಶಗಳನ್ನು ಜಾಲಾಡಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಮೊದಲ ಸಂಪರ್ಕದ ವಯಸ್ಸು, ಸಂಗಾತಿಗಳ ಸಂಖ್ಯೆ, ಹದಿಹರೆಯದ ಬಸಿರು, ಯಾವುದರಲ್ಲೂ ಆ ಹಣದ ಗುರುತು ಸಿಗಲಿಲ್ಲ.

ಇಲ್ಲಿ ನಮ್ಮ ಕಡೆಯ ಒಂದು ಜಗಳ ನೆನಪಾಗುತ್ತದೆ. 2007ರಲ್ಲಿ ಶಾಲೆಗಳ ಹದಿಹರೆಯದ ಶಿಕ್ಷಣ ಕಾರ್ಯಕ್ರಮದ ಮೇಲೆ ದೊಡ್ಡ ಗದ್ದಲವೆದ್ದು, ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಅದನ್ನು ತಡೆಹಿಡಿದವು. ಪಾಠ ಕೇಳಿದರೆ ಮಕ್ಕಳು ಕೆಡುತ್ತಾರೆ ಎಂದು ಒಂದು ಪಕ್ಷ, ಪಾಠ ಕೇಳಿದರೆ ಮಕ್ಕಳು ಉಳಿಯುತ್ತಾರೆ ಎಂದು ಇನ್ನೊಂದು. ನಲವತ್ತು ನಿಮಿಷದ ಪೀರಿಯಡ್ಡಿಗೆ ಎರಡೂ ಪಕ್ಷದವರು ಎಷ್ಟೊಂದು ಶಕ್ತಿಯನ್ನು ಆರೋಪಿಸಿದ್ದರು! ಲೈಂಗಿಕ ಶಿಕ್ಷಣದಿಂದ ಮಕ್ಕಳು ಬೇಗ ಲೈಂಗಿಕತೆಗೆ ಇಳಿಯುತ್ತಾರೆ ಎಂಬುದಕ್ಕೆ ಯಾವ ದೊಡ್ಡ ಪ್ರಯೋಗದಲ್ಲೂ ಪುರಾವೆ ಸಿಕ್ಕಿಲ್ಲ. ಪಾಠವೊಂದರಿಂದಲೇ ಸೋಂಕು ತಪ್ಪುತ್ತದೆ ಎಂಬುದಕ್ಕೂ ಸಿಕ್ಕಿಲ್ಲ. ಮೈಯ ಬಗ್ಗೆ, ಮುಟ್ಟಿನ ಬಗ್ಗೆ, ಒಪ್ಪಿಗೆಯ ಬಗ್ಗೆ ತಿಳಿಯುವುದು ಮಕ್ಕಳ ಹಕ್ಕು. ಆ ಕಾರಣಕ್ಕೆ ಪಾಠ ಬೇಕು. ಅದರ ತಲೆಯ ಮೇಲೆ ಎಚ್‌ಐವಿ ತಡೆಯ ಇಡೀ ಭಾರ ಹೊರಿಸಿದರೆ ಪಾಠಕ್ಕೂ ಅನ್ಯಾಯ, ಮಕ್ಕಳಿಗೂ ಅನ್ಯಾಯ.

ಯಾರಿಂದ ಯಾರಿಗೆ

ಪಾಠ ಸೋತದ್ದು ಎಲ್ಲಿ ಎಂಬುದಕ್ಕೆ ಒಂದು ಸುಳಿವು ದಕ್ಷಿಣ ಆಫ್ರಿಕಾದ ಕ್ವಾಜುಲು-ನಟಾಲ್ ಪ್ರಾಂತ್ಯದಲ್ಲಿ ಸಿಕ್ಕಿತು. ಎಚ್‌ಐವಿ ವೈರಸ್ ಮೈಯೊಳಗೆ ಬೆಳೆಯುತ್ತ, ಒಬ್ಬರಿಂದ ಒಬ್ಬರಿಗೆ ದಾಟುತ್ತ ಹೋದಂತೆ ಅದರ ಜೀನುಗಳಲ್ಲಿ ಸಣ್ಣಪುಟ್ಟ ಬದಲಾವಣೆಗಳಾಗುತ್ತವೆ. ಇಬ್ಬರ ವೈರಸ್‌ಗಳು ತುಂಬಾ ಹೋಲುತ್ತಿದ್ದರೆ ಸೋಂಕಿನ ಕೊಂಡಿಯಲ್ಲಿ ಅವರು ಅಕ್ಕಪಕ್ಕದವರೆಂದು ಊಹಿಸಬಹುದು. ವುಲಿಂಡ್ಲೆಲಾ ಎಂಬಲ್ಲಿ ಹೀಗೆ ಒಂದೂವರೆ ಸಾವಿರಕ್ಕೂ ಹೆಚ್ಚು ಮಂದಿಯ ಮಾದರಿಗಳನ್ನು ಹೋಲಿಸಿ ನೋಡಿದರು. 25 ದಾಟದ ಹುಡುಗಿಯರ ವೈರಸ್‌ಗೆ ಜೋಡಿಯಾದದ್ದು ಅವರಿಗಿಂತ ಸರಾಸರಿ 8.7 ವರ್ಷ ದೊಡ್ಡವರಾದ ಗಂಡಸರ ವೈರಸ್. ಆ ಗಂಡಸರಲ್ಲಿ ಅನೇಕರಿಗೆ ತಮ್ಮದೇ ವಯಸ್ಸಿನ ಹೆಂಗಸರ ಜೊತೆಗೂ ಕೊಂಡಿ ಇತ್ತು. ಅಂದರೆ ಇದು ಚಕ್ರ: ಮೂವತ್ತರ ಹೆಂಗಸಿನಿಂದ ಮೂವತ್ತರ ಗಂಡಸಿಗೆ, ಅವನಿಂದ ಇಪ್ಪತ್ತರ ಹುಡುಗಿಗೆ, ಅವಳಿಗೆ ಮೂವತ್ತಾದಾಗ ಮತ್ತೆ ಮೊದಲಿಂದ.

ತರಗತಿಯಲ್ಲಿ ಪಕ್ಕದ ಬೆಂಚಿನಲ್ಲಿ ಕೂತ ಹುಡುಗನಿಗೆ ಈ ಚಕ್ರದಲ್ಲಿ ಪಾತ್ರವೇ ಕಡಿಮೆ. ನಾವು ಪಾಠ ಹೇಳುತ್ತಿದ್ದದ್ದು ಅವನಿಗೆ ಮತ್ತು ಅವಳಿಗೆ. ಮೂವತ್ತರ ಗಂಡಸು ಶಾಲೆಯಲ್ಲಿ ಇರಲೇ ಇಲ್ಲ.

ಪಶ್ಚಿಮ ಕೀನ್ಯಾದಲ್ಲಿ ಅರ್ಥಶಾಸ್ತ್ರಜ್ಞೆ ಪಾಸ್ಕಲಿನ್ ದ್ಯುಪಾ ಹೂಡಿದ ಪ್ರಯೋಗ ಇದೇ ಎಳೆಯನ್ನು ಹಿಡಿದಿತ್ತು, ಅದೂ ವುಲಿಂಡ್ಲೆಲಾದ ಅಧ್ಯಯನಕ್ಕಿಂತ ಹತ್ತು ವರ್ಷಕ್ಕೂ ಮುಂಚೆ. ಅಲ್ಲಿನ ಸರ್ಕಾರಿ ಪಠ್ಯ ಹೇಳುತ್ತಿದ್ದದ್ದು ಸರಳ: ಮದುವೆಯವರೆಗೆ ಬೇಡ. ದ್ಯುಪಾ 328 ಶಾಲೆಗಳ ಪೈಕಿ ಚೀಟಿಯಲ್ಲಿ ಬಂದ 71 ಶಾಲೆಗಳಿಗೆ 2004ರಲ್ಲಿ ಒಬ್ಬೊಬ್ಬ ಕಾರ್ಯಕರ್ತರನ್ನು ಒಂದೇ ಒಂದು ಸಲ, ನಲವತ್ತು ನಿಮಿಷಕ್ಕೆ ಕಳಿಸಿದರು. ಎಂಟನೇ ತರಗತಿಯ ಮಕ್ಕಳಿಗೆ ಮೊದಲು ಹತ್ತು ನಿಮಿಷದ ಒಂದು ಚಿತ್ರ: ಶಾಲೆಗೆ ಹೋಗುವ ಹುಡುಗಿಗೆ ಉಡುಗೊರೆಯ ಆಮಿಷ ಒಡ್ಡುವ ದೊಡ್ಡ ಗಂಡಸಿನ ಕಥೆ. ನಂತರ ಚರ್ಚೆ. ಆಮೇಲೆ ಕಾರ್ಯಕರ್ತರು ಕಪ್ಪು ಹಲಗೆಯ ಮೇಲೆ ಹತ್ತಿರದ ಕಿಸುಮು ನಗರದ ಲೆಕ್ಕ ಬರೆದರು. 15–19ರ ಹುಡುಗರಲ್ಲಿ ಎಚ್‌ಐವಿ ಇರುವವರು ನೂರಕ್ಕೆ 4. 20–24ರವರಲ್ಲಿ 13. 25–29ರವರಲ್ಲಿ 28. 30–39ರವರಲ್ಲಿ 32.

ಅಷ್ಟೇ. ಬೇಡ ಎಂದೂ ಹೇಳಲಿಲ್ಲ, ಬೇಕು ಎಂದೂ ಹೇಳಲಿಲ್ಲ. ಒಂದು ವರ್ಷದೊಳಗೆ ಆ ಶಾಲೆಗಳ ಹುಡುಗಿಯರಲ್ಲಿ ಬಸಿರು ಶೇ 28ರಷ್ಟು ಕಡಿಮೆಯಾಗಿತ್ತು. ಐದು ವರ್ಷಕ್ಕಿಂತ ದೊಡ್ಡ ಗಂಡಸರಿಂದ ಆದ ಬಸಿರು ಶೇ 61ರಷ್ಟು ಇಳಿದಿತ್ತು. ಸಮವಯಸ್ಕರಿಂದಾದ ಬಸಿರು ಅದಕ್ಕೆ ತಕ್ಕಂತೆ ಏರಿರಲಿಲ್ಲ. ಶಿಕ್ಷಕರಿಗೆ ಸರ್ಕಾರಿ ಪಠ್ಯದ ತರಬೇತಿ ಕೊಟ್ಟ ಶಾಲೆಗಳಲ್ಲಿ ಬಸಿರು ಇಳಿಯಲೇ ಇಲ್ಲ. ಆದ ಬದಲಾವಣೆ ಒಂದೇ, ಬಸಿರಾದ ಹುಡುಗಿಗೆ ಆ ಗಂಡಿನ ಜೊತೆ ಮದುವೆಯಾಗಿರುವ ಸಾಧ್ಯತೆ ಹೆಚ್ಚಿತು. 'ಮದುವೆಯಾದರೆ ಕ್ಷೇಮ' ಎಂಬ ಬೋಧನೆಯನ್ನು ಅಕ್ಷರಶಃ ತೆಗೆದುಕೊಂಡರೆ ಹುಡುಗಿ ಹುಡುಕಬೇಕಾದದ್ದು ಕೈಯಲ್ಲಿ ಸಂಪಾದನೆ ಇರುವ, ವಯಸ್ಸಾದ ಗಂಡನ್ನೇ. ಕಿಸುಮುವಿನ ಲೆಕ್ಕದ ಪ್ರಕಾರ ಅತಿ ಹೆಚ್ಚು ಅಪಾಯ ಇದ್ದದ್ದು ಅಂಥವನಲ್ಲೇ.

ಈ ಫಲಿತಾಂಶ ನನಗೆ ಇಷ್ಟವಾಗುವುದು ಅದು ಹುಡುಗಿಯರ ಬುದ್ಧಿಯನ್ನು ಗೌರವಿಸುವುದರಿಂದ. ಹೆದರಿಸುವ ಬದಲು ಆಯ್ಕೆಗೆ ಬೇಕಾದ ಮಾಹಿತಿ ಕೊಟ್ಟರು, ಹುಡುಗಿಯರು ಆಯ್ಕೆ ಮಾಡಿದರು. ಆದರೂ ಒಂದು ಎಚ್ಚರಿಕೆ ಬೇಕು. ಇಲ್ಲಿ ಅಳೆದದ್ದು ಬಸಿರನ್ನು, ಎಚ್‌ಐವಿಯನ್ನಲ್ಲ. ಬಸಿರು ಅಸುರಕ್ಷಿತ ಸಂಪರ್ಕಕ್ಕೆ ಅಲ್ಲಗಳೆಯಲಾಗದ ಸಾಕ್ಷಿ ಎಂಬುದು ನಿಜ, ಸೋಂಕಿನ ಲೆಕ್ಕ ಮಾತ್ರ ಬೇರೆ. ನಂತರ ಬೋಟ್ಸ್ವಾನಾದಲ್ಲಿ ಇದೇ ಪಾಠವನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದಾಗ ಇನ್ನೊಂದು ವಿಷಯ ಹೊರಬಿತ್ತು: ವಿದ್ಯಾರ್ಥಿನಿಯರಿಗಿಂತ ಕೆಲವೇ ವರ್ಷ ದೊಡ್ಡವರಾದ ಯುವಜನರು ಹೇಳಿದಾಗ ಫಲ ಕಂಡಿತು, ಶಿಕ್ಷಕರು ಹೇಳಿದಾಗ ಕಾಣಲಿಲ್ಲ. ಅಂಕಿಗಳು ಅವೇ, ಹೇಳುವ ಬಾಯಿ ಬೇರೆ.

ಶಾಲೆಯೇ ಮದ್ದೆಂದಾದರೆ

ಕೀನ್ಯಾದ ಅದೇ ಶಾಲೆಗಳಲ್ಲಿ ಇನ್ನೊಂದು ಪ್ರಯೋಗವೂ ನಡೆದಿತ್ತು. 2003ರಲ್ಲಿ ಸರ್ಕಾರ ಪ್ರಾಥಮಿಕ ಶಾಲೆಯ ಶುಲ್ಕ ರದ್ದು ಮಾಡಿದ್ದರೂ ಸಮವಸ್ತ್ರದ ಖರ್ಚು ಉಳಿದಿತ್ತು. ಎಸ್ತರ್ ದುಫ್ಲೋ, ದ್ಯುಪಾ ಮತ್ತು ಮೈಕೆಲ್ ಕ್ರೆಮರ್ ಕೆಲವು ಶಾಲೆಗಳ ಮಕ್ಕಳಿಗೆ ಎರಡು ಜೊತೆ ಸಮವಸ್ತ್ರ ಉಚಿತವಾಗಿ ಕೊಡಿಸಿದರು. ಹುಡುಗಿಯರು ಶಾಲೆ ಬಿಡುವುದು ನೂರಕ್ಕೆ 19ರಿಂದ 16ಕ್ಕೆ ಇಳಿಯಿತು, ಹದಿಹರೆಯದ ಬಸಿರು 16ರಿಂದ 13ಕ್ಕೆ ಇಳಿಯಿತು. ಏಡ್ಸ್ ಎಂಬ ಪದವನ್ನೇ ಉಚ್ಚರಿಸದ ಎರಡು ಜೊತೆ ಬಟ್ಟೆ ಅದು. ಆದರೆ ಏಳು ವರ್ಷಗಳ ನಂತರ ರಕ್ತದಲ್ಲಿ ಹರ್ಪಿಸ್ ಹುಡುಕಿದಾಗ ಸಮವಸ್ತ್ರವೊಂದರಿಂದಲೇ ಅದು ಇಳಿದಿರಲಿಲ್ಲ. ಸಮವಸ್ತ್ರ ಮತ್ತು ಸರ್ಕಾರಿ ಪಠ್ಯದ ಪಾಠ ಎರಡನ್ನೂ ಪಡೆದ ಶಾಲೆಗಳಲ್ಲಿ ಮಾತ್ರ ಇಳಿದಿತ್ತು. ಬಸಿರು ತಪ್ಪಿಸುವ ದಾರಿಯೂ ಸೋಂಕು ತಪ್ಪಿಸುವ ದಾರಿಯೂ ಯಾವಾಗಲೂ ಒಂದೇ ಅಲ್ಲ.

ಮಲಾವಿಯ ಜೋಂಬಾ ಜಿಲ್ಲೆಯಲ್ಲಿ ನೇರವಾಗಿ ಹಣವನ್ನೇ ಕೊಟ್ಟು ನೋಡಿದರು. 13ರಿಂದ 22 ವಯಸ್ಸಿನ ಅವಿವಾಹಿತ ಹುಡುಗಿಯರಿಗೆ ತಿಂಗಳಿಗೆ 1ರಿಂದ 5 ಡಾಲರ್, ಅವರ ಮನೆಯವರಿಗೆ 4ರಿಂದ 10 ಡಾಲರ್. ಕೆಲವರಿಗೆ ಶಾಲೆಗೆ ಹೋಗಲೇಬೇಕೆಂಬ ಷರತ್ತು, ಕೆಲವರಿಗೆ ಷರತ್ತೇ ಇಲ್ಲ. ಒಂದೂವರೆ ವರ್ಷದ ನಂತರ ಶಾಲೆಯಲ್ಲಿದ್ದ ಹುಡುಗಿಯರ ಪೈಕಿ ಹಣ ಪಡೆಯದವರಲ್ಲಿ ಎಚ್‌ಐವಿ ನೂರಕ್ಕೆ 3 ಇತ್ತು, ಪಡೆದವರಲ್ಲಿ 1.2. ಷರತ್ತು ಇದ್ದರೂ ಇಲ್ಲದಿದ್ದರೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಹಣ ಬಂದವರಲ್ಲಿ 25 ದಾಟಿದ ಸಂಗಾತಿ ಇರುವುದು ಕಡಿಮೆಯಾಗಿತ್ತು. ಮತ್ತೆ ಅದೇ ದೊಡ್ಡ ಗಂಡಸು. ಅವನು ಕೊಡುತ್ತಿದ್ದ ಸೋಪು, ಬಟ್ಟೆ, ಫೀಸಿನ ದುಡ್ಡು ಬೇರೆ ಕಡೆಯಿಂದ ಬಂದರೆ ಅವನ ಹಂಗು ಕಡಿಮೆಯಾಗುತ್ತದೆ.

2012ರಲ್ಲಿ ಈ ಸುದ್ದಿ ಬಂದಾಗ ಉತ್ಸಾಹ ಉಕ್ಕಿತು. ಪ್ರಯೋಗದ ಆರಂಭದಲ್ಲಿ ಯಾರಿಗೆ ಸೋಂಕಿತ್ತೆಂದು ಪರೀಕ್ಷಿಸಿರಲಿಲ್ಲ ಎಂಬ ಕೊರತೆಯನ್ನು ತುಂಬಲು ದಕ್ಷಿಣ ಆಫ್ರಿಕಾದ ಮ್ಪುಮಲಾಂಗಾ ಪ್ರಾಂತ್ಯದಲ್ಲಿ 2,533 ಹುಡುಗಿಯರೊಂದಿಗೆ ಇನ್ನೂ ಬಿಗಿಯಾದ ಅಧ್ಯಯನ ನಡೆಯಿತು. ಶೇ 80 ಹಾಜರಾತಿ ಇದ್ದರೆ ಹಣ. ಫಲಿತಾಂಶ ಸೊನ್ನೆ: ಹಣ ಪಡೆದವರಲ್ಲೂ ಪಡೆಯದವರಲ್ಲೂ ಹೊಸ ಸೋಂಕು ಸರಿಸುಮಾರು ಒಂದೇ. ಕಾರಣ ಹುಡುಕಿದರೆ, ಎರಡೂ ಗುಂಪಿನ ಹಾಜರಾತಿ ಶೇ 95ರ ಆಸುಪಾಸಿನಲ್ಲಿತ್ತು. ದಕ್ಷಿಣ ಆಫ್ರಿಕಾದಲ್ಲಿ ಬಡ ಮಕ್ಕಳಿಗೆ ಸರ್ಕಾರದ ಮಾಸಿಕ ನೆರವು ಮೊದಲೇ ಇದೆ. ಆಗಲೇ ಶಾಲೆಗೆ ಹೋಗುತ್ತಿದ್ದವರಿಗೆ ಶಾಲೆಗೆ ಹೋಗಲು ಹಣ ಕೊಟ್ಟಂತಾಗಿತ್ತು. ಅದೇ ಅಧ್ಯಯನದಲ್ಲಿ ಯಾವ ಗುಂಪಿನವರೇ ಆಗಲಿ, ಶಾಲೆ ಬಿಟ್ಟವರಿಗಿಂತ ಶಾಲೆಯಲ್ಲಿ ಉಳಿದವರಿಗೆ ಸೋಂಕು ಕಡಿಮೆ ಎಂಬುದೂ ಕಂಡಿತು. ಮದ್ದು ಶಾಲೆಯೇ ಇರಬಹುದು. ಹಣ ಆ ಮದ್ದನ್ನು ತಲುಪಿಸುವ ದಾರಿ, ಅದೂ ದಾರಿ ಇಲ್ಲದ ಕಡೆ ಮಾತ್ರ. ಮಲಾವಿಯಲ್ಲಿ ಷರತ್ತಿಲ್ಲದೆ ಕೊಟ್ಟ ಹಣ ನಿಂತ ಮೇಲೆ ಅದರ ಲಾಭವೂ ಕರಗಿತು.

ಶಾಲೆಯ ಬಗ್ಗೆ ನನಗೆ ಎಲ್ಲಕ್ಕಿಂತ ಬಲವಾಗಿ ಕಾಣುವ ಪುರಾವೆ ಬೋಟ್ಸ್ವಾನಾದ್ದು. 1996ರಲ್ಲಿ ಅಲ್ಲಿನ ಸರ್ಕಾರ ತರಗತಿಗಳ ವ್ಯವಸ್ಥೆ ಬದಲಿಸಿತು: ಹತ್ತನೇ ತರಗತಿಯನ್ನು ಹಿರಿಯ ಪ್ರೌಢಶಾಲೆಯಿಂದ ಕಿರಿಯ ಪ್ರೌಢಶಾಲೆಗೆ ಸೇರಿಸಿತು. ಎಚ್‌ಐವಿಗೂ ಇದಕ್ಕೂ ಏನೇನೂ ಸಂಬಂಧವಿರಲಿಲ್ಲ. ಆದರೆ ಒಂದು ವರ್ಷ ಮುಂಚೆ ಹುಟ್ಟಿದವರಿಗಿಂತ ಒಂದು ವರ್ಷ ತಡವಾಗಿ ಹುಟ್ಟಿದವರು ಸಹಜವಾಗಿಯೇ ಹೆಚ್ಚು ಓದುವಂತಾಯಿತು. ಹುಟ್ಟಿದ ವರ್ಷವನ್ನು ಯಾರೂ ಆರಿಸಿಕೊಳ್ಳುವುದಿಲ್ಲವಾದ್ದರಿಂದ ಇದು ತಾನಾಗಿ ನಡೆದ ಚೀಟಿ ಎತ್ತುವಿಕೆ. ವರ್ಷಗಳ ನಂತರ ಲೆಕ್ಕ ಹಾಕಿದಾಗ, ಪ್ರೌಢಶಾಲೆಯಲ್ಲಿ ಓದಿದ ಒಂದೊಂದು ಹೆಚ್ಚುವರಿ ವರ್ಷಕ್ಕೂ ಎಚ್‌ಐವಿ ತಗಲುವ ಸಂಭವ ಸುಮಾರು 8 ಶೇಕಡಾ ಅಂಶದಷ್ಟು ಇಳಿದಿತ್ತು, ಹೆಣ್ಣುಮಕ್ಕಳಲ್ಲಿ ಇನ್ನೂ ಹೆಚ್ಚು.

ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲೂ ಇದೇ ತರ್ಕವನ್ನು ಪರೀಕ್ಷಿಸಲಾಗಿದೆ ಎಂಬುದು ನಮ್ಮಲ್ಲಿ ಹೆಚ್ಚು ಜನರಿಗೆ ತಿಳಿದಿಲ್ಲ. ದೇವದಾಸಿ ಪದ್ಧತಿಯ ನೆರಳು ಇನ್ನೂ ಪೂರ್ತಿ ಸರಿಯದ, ಕರ್ನಾಟಕದಲ್ಲಿ ಎಚ್‌ಐವಿ ಹೊರೆ ಹೆಚ್ಚಿದ್ದ ಜಿಲ್ಲೆಗಳಿವು. ಪರಿಶಿಷ್ಟ ಜಾತಿ ಮತ್ತು ಪಂಗಡದ ಹುಡುಗಿಯರು ಶಾಲೆ ಬಿಡದಂತೆ, ಬಾಲ್ಯವಿವಾಹವಾಗದಂತೆ ನೋಡಿಕೊಂಡರೆ ಮುಂದೆ ಲೈಂಗಿಕ ವೃತ್ತಿಗೆ ಬೀಳುವುದೂ ಸೋಂಕು ತಗಲುವುದೂ ತಪ್ಪೀತು ಎಂಬ ಆಲೋಚನೆಯಿಂದ ಕರ್ನಾಟಕ ಆರೋಗ್ಯ ಸಂವರ್ಧನ ಸಂಸ್ಥೆ 'ಸಮತಾ' ಕಾರ್ಯಕ್ರಮ ನಡೆಸಿತು. 2014ರಿಂದ 2017ರವರೆಗೆ 80 ಗ್ರಾಮ ಗುಚ್ಛಗಳಲ್ಲಿ ಅದರ ಪರೀಕ್ಷೆ ನಡೆಯಿತು. ಕೊನೆಗೆ ನೋಡಿದರೆ ಕಾರ್ಯಕ್ರಮ ಇದ್ದ ಕಡೆಯೂ ಇಲ್ಲದ ಕಡೆಯೂ ಸುಮಾರು ಮುಕ್ಕಾಲು ಪಾಲು ಹುಡುಗಿಯರು ಪ್ರೌಢಶಾಲೆಯಲ್ಲಿ ಉಳಿದಿದ್ದರು, ಎರಡೂ ಕಡೆ ಹತ್ತರಲ್ಲಿ ಒಬ್ಬಳಿಗೆ ಮದುವೆಯಾಗಿತ್ತು. ಇದನ್ನು ಸೋಲು ಎನ್ನಲು ನನಗೆ ಮನಸ್ಸಿಲ್ಲ. ಸೈಕಲ್, ಹಾಸ್ಟೆಲ್, ವಿದ್ಯಾರ್ಥಿವೇತನಗಳಿಂದ ಇಡೀ ಪ್ರದೇಶವೇ ಮುಂದೆ ಸಾಗುತ್ತಿದ್ದಾಗ ಹೋಲಿಕೆಯ ಹಳ್ಳಿಗಳೂ ನಿಂತಲ್ಲೇ ನಿಲ್ಲಲಿಲ್ಲ. ಮ್ಪುಮಲಾಂಗಾದ ಕಥೆಯೇ ಕೃಷ್ಣಾ ತೀರದಲ್ಲಿ ಮರುಕಳಿಸಿತು.

ಯುವಜನರಿಗೆ ಏನೂ ಹೇಳದೆ

ಯುವಜನರನ್ನು ಕಾಪಾಡಲು ಯುವಜನರನ್ನೇ ಹಿಡಿದು ಕೂರಿಸಬೇಕೆಂದಿಲ್ಲ. ದಕ್ಷಿಣ ಭಾರತವೇ ಇದಕ್ಕೆ ಸಾಕ್ಷಿ. ಕರ್ನಾಟಕ, ತಮಿಳುನಾಡು, ಆಂಧ್ರ, ಮಹಾರಾಷ್ಟ್ರಗಳಲ್ಲಿ ಪ್ರಸವಪೂರ್ವ ತಪಾಸಣೆಗೆ ಬಂದ 15–24ರ ಹೆಣ್ಣುಮಕ್ಕಳಲ್ಲಿ ಎಚ್‌ಐವಿ 2000ದಲ್ಲಿ ನೂರಕ್ಕೆ 1.7 ಇತ್ತು; 2004ರ ಹೊತ್ತಿಗೆ 1.1ಕ್ಕೆ ಇಳಿಯಿತು. ಇವರಲ್ಲಿ ಬಹುತೇಕ ಎಲ್ಲರೂ ವಿವಾಹಿತರು, ಗಂಡನಿಂದ ಸೋಂಕು ಪಡೆಯಬಹುದಾದವರು. ಇವರಿಗೆ ಯಾರೂ ವಿಶೇಷವಾಗಿ ಉಪನ್ಯಾಸ ಮಾಡಿರಲಿಲ್ಲ. ಲೈಂಗಿಕ ವೃತ್ತಿಯಲ್ಲಿ ಕಾಂಡೋಮ್ ಬಳಕೆ ಹೆಚ್ಚಿದ್ದೋ ಅತ್ತ ಹೋಗುವ ಗಂಡಸರು ಕಡಿಮೆಯಾದದ್ದೋ ಇದರ ಹಿಂದಿದೆ ಎಂಬುದು 2006ರಲ್ಲಿ ಈ ಲೆಕ್ಕ ಪ್ರಕಟಿಸಿದವರ ವಿವರಣೆ. ನಗರದ ಬಸ್ ನಿಲ್ದಾಣದ ಬಳಿ ಒಬ್ಬ ಲೈಂಗಿಕ ಕಾರ್ಯಕರ್ತೆ 'ಇದಿಲ್ಲದೆ ಆಗುವುದಿಲ್ಲ' ಎಂದು ಹಟ ಹಿಡಿದರೆ, ಅವಳೆಂದೂ ನೋಡದ ಹಳ್ಳಿಯ ಹತ್ತೊಂಬತ್ತರ ಸೊಸೆ ಬಚಾವಾಗುತ್ತಾಳೆ.

ಗಂಡಸಿನ ಕಡೆಯಿಂದ ಬರುವ ಇನ್ನೆರಡು ರಕ್ಷಣೆಗಳೂ ಪರೀಕ್ಷೆಯಲ್ಲಿ ಗೆದ್ದಿವೆ. ಸುನ್ನತಿ ಮಾಡಿಸಿಕೊಂಡ ಗಂಡಸರಿಗೆ ಹೆಂಗಸರಿಂದ ಸೋಂಕು ತಗಲುವುದು ಶೇ 60ರಷ್ಟು ಕಡಿಮೆ ಎಂದು ದಕ್ಷಿಣ ಆಫ್ರಿಕಾ, ಕೀನ್ಯಾ, ಉಗಾಂಡಾಗಳ ಮೂರು ಪ್ರಯೋಗಗಳು ತೋರಿಸಿದವು. ಎಚ್‌ಐವಿಯನ್ನು ಹತ್ತಿಕ್ಕುವ ಎಆರ್‌ಟಿ ಮಾತ್ರೆ ತಪ್ಪದೆ ನುಂಗಿ ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದವರಿಂದ ಸಂಗಾತಿಗೆ ಲೈಂಗಿಕವಾಗಿ ಸೋಂಕು ಹರಡುವುದೇ ಇಲ್ಲ. ಮೂವತ್ತರ ಆ ಗಂಡಸು ಒಮ್ಮೆ ಪರೀಕ್ಷೆ ಮಾಡಿಸಿಕೊಂಡು ಔಷಧ ಶುರು ಮಾಡಿದರೆ ವುಲಿಂಡ್ಲೆಲಾದ ಚಕ್ರ ಅಲ್ಲಿಗೆ ತುಂಡಾಗುತ್ತದೆ. ತೊಂದರೆ ಏನೆಂದರೆ ಆಸ್ಪತ್ರೆಯ ಕಡೆ ಅತಿ ಕಡಿಮೆ ಸುಳಿಯುವವರೂ ಅವರೇ. ಹೆಂಗಸರಿಗೆ ಬಸಿರಿನ ತಪಾಸಣೆಯಲ್ಲಿ ಪರೀಕ್ಷೆ ಆಗುತ್ತದೆ. ಗಂಡಸರಿಗೆ ಅಂಥ ನೆಪವಿಲ್ಲ.

ಮಾತ್ರೆಯಿಂದ ಸೂಜಿಗೆ

ಸೋಂಕಿಲ್ಲದವರು ಮೊದಲೇ ಔಷಧ ತೆಗೆದುಕೊಂಡು ರಕ್ಷಣೆ ಪಡೆಯುವ ವಿಧಾನಕ್ಕೆ ಪ್ರೆಪ್ ಎನ್ನುತ್ತಾರೆ. ದಿನಕ್ಕೊಂದು ಮಾತ್ರೆ. ನುಂಗಿದವರಿಗೆ ಅದು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ದಕ್ಷಿಣ ಆಫ್ರಿಕಾ, ಉಗಾಂಡಾ, ಜಿಂಬಾಬ್ವೆಗಳ 5,029 ಹೆಂಗಸರ ಮೇಲೆ ನಡೆದ 'ವಾಯ್ಸ್' ಪ್ರಯೋಗದಲ್ಲಿ ಮಾತ್ರೆಗಳಿಂದ ರಕ್ಷಣೆ ಸಿಗಲಿಲ್ಲ. ತಪ್ಪದೆ ತೆಗೆದುಕೊಳ್ಳುತ್ತಿದ್ದೇವೆ ಎಂದು ಸುಮಾರು ಶೇ 90 ಮಂದಿ ಹೇಳಿದರು. ಹಿಂದಿರುಗಿಸಿದ ಮಾತ್ರೆಗಳ ಎಣಿಕೆಯೂ ಹಾಗೆಯೇ ಹೇಳಿತು. ರಕ್ತದಲ್ಲಿ ಔಷಧ ಸಿಕ್ಕಿದ್ದು ಮೂರನೇ ಒಂದು ಭಾಗಕ್ಕಿಂತ ಕಡಿಮೆ ಮಾದರಿಗಳಲ್ಲಿ. ಅತಿ ಕಡಿಮೆ ನುಂಗಿದವರು ಅವಿವಾಹಿತ ಎಳೆಯರು. ಸೋಂಕು ಅತಿ ಹೆಚ್ಚು ತಗಲಿದ್ದೂ ಅವರಿಗೇ.

ಆಮೇಲೆ ಅವರನ್ನೇ ಕೂರಿಸಿ ಕೇಳಿದಾಗ ಕಾರಣಗಳು ಒಂದೊಂದಾಗಿ ಹೊರಬಂದವು. ಆ ಡಬ್ಬಿ ನೋಡಿದವರು ಇವಳಿಗೆ ಏಡ್ಸ್ ಇದೆ ಎಂದುಕೊಳ್ಳುತ್ತಾರೆ. ಸಂಗಾತಿ ನೋಡಿದರೆ ಅನುಮಾನಿಸುತ್ತಾನೆ. ಕಾಯಿಲೆಯೇ ಇಲ್ಲದೆ ಔಷಧ ನುಂಗಿದರೆ ಮೈಗೆ ಏನಾಗುತ್ತದೋ ಎಂಬ ಭಯ. ಕೂಡು ಕುಟುಂಬದಲ್ಲಿ ಒಂದು ಡಬ್ಬಿಯನ್ನು ಗುಟ್ಟಾಗಿಡುವ ಕಷ್ಟ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಯೋನಿಯೊಳಗೆ ಇಟ್ಟುಕೊಳ್ಳುವ ಔಷಧದ ಉಂಗುರ ಬಂದಾಗಲೂ ಕಥೆ ಇದೇ. 2016ರ ಪ್ರಯೋಗದಲ್ಲಿ ಒಟ್ಟಾರೆ ಶೇ 27 ರಕ್ಷಣೆ ಸಿಕ್ಕಿತು, 18–21ರವರಿಗೆ ಸಿಗಲೇ ಇಲ್ಲ. ವಯಸ್ಸೊಂದೇ ಇದಕ್ಕೆ ಕಾರಣ ಎನ್ನುವಂತಿಲ್ಲ. ಮೈಸೂರಿನ ಆಶೋದಯ ಸಮಿತಿಯಲ್ಲಿ ಲೈಂಗಿಕ ಕಾರ್ಯಕರ್ತೆಯರೇ ಮುಂದೆ ನಿಂತು ನಡೆಸಿದ ಪ್ರೆಪ್ ಯೋಜನೆಯಲ್ಲಿ ಬಹುಪಾಲು ಮಂದಿ ಮಾತ್ರೆ ತಪ್ಪಿಸಲಿಲ್ಲ. ಅಲ್ಲಿ ಡಬ್ಬಿಯನ್ನು ಬಚ್ಚಿಡುವ ಅಗತ್ಯವಿರಲಿಲ್ಲ, ಕೇಳುವವರೂ ನೆನಪಿಸುವವರೂ ತಮ್ಮವರೇ ಆಗಿದ್ದರು.

2024ರ ಜೂನ್‌ನಲ್ಲಿ ಬಂದ ಸುದ್ದಿ ಈ ಇಡೀ ಚರ್ಚೆಯನ್ನು ಬೇರೆ ನೆಲೆಗೆ ಒಯ್ದಿತು. ಲೆನಕಪವಿರ್ ಎಂಬ ಔಷಧವನ್ನು ಹೊಟ್ಟೆಯ ಚರ್ಮದಡಿ ಆರು ತಿಂಗಳಿಗೊಮ್ಮೆ ಚುಚ್ಚುತ್ತಾರೆ. ದಕ್ಷಿಣ ಆಫ್ರಿಕಾ ಮತ್ತು ಉಗಾಂಡಾದಲ್ಲಿ 16ರಿಂದ 25 ವಯಸ್ಸಿನ ಐದು ಸಾವಿರಕ್ಕೂ ಹೆಚ್ಚು ಹುಡುಗಿಯರು ಪ್ರಯೋಗಕ್ಕೆ ಸೇರಿದ್ದರು. ಯಾರಿಗೆ ನಿಜವಾದ ಔಷಧ ಯಾವುದರಲ್ಲಿದೆ ಎಂದು ತಿಳಿಯದಂತೆ ಎಲ್ಲರಿಗೂ ಸೂಜಿಯೂ ಇತ್ತು, ಮಾತ್ರೆಯೂ ಇತ್ತು. ಎರಡು ಬಗೆಯ ಮಾತ್ರೆ ಪಡೆದ ಗುಂಪುಗಳಲ್ಲಿ 2,136 ಮಂದಿಗೆ 39 ಸೋಂಕು, 1,068 ಮಂದಿಗೆ 16 ಸೋಂಕು. ನಿಜವಾದ ಲೆನಕಪವಿರ್ ಪಡೆದ 2,134 ಹುಡುಗಿಯರಲ್ಲಿ ಸೋಂಕು ತಗಲಿದ್ದು ಒಬ್ಬರಿಗೂ ಇಲ್ಲ. ಉಸ್ತುವಾರಿ ಸಮಿತಿ ಪ್ರಯೋಗದ ಗುಟ್ಟನ್ನು ಅವಧಿಗೆ ಮುನ್ನವೇ ಬಿಡಿಸಿ, ಎಲ್ಲರಿಗೂ ಆ ಸೂಜಿ ಸಿಗಲಿ ಎಂದಿತು.

ಹುಡುಗಿಯರ ಸ್ವಭಾವವೇನೂ ಬದಲಾಗಿರಲಿಲ್ಲ. ಮಾತ್ರೆಯನ್ನು ಇಲ್ಲಿಯೂ ಹೆಚ್ಚಿನವರು ಸರಿಯಾಗಿ ನುಂಗಿರಲಿಲ್ಲ. ಬದಲಾದದ್ದು ಬೇಡಿಕೆಯ ಪ್ರಮಾಣ. ದಿನವೂ ಧೈರ್ಯ ತೋರಬೇಕಿದ್ದ ಕಡೆ ವರ್ಷಕ್ಕೆ ಎರಡು ಸಲ ಸಾಕಾಯಿತು. ಮನೆಯಲ್ಲಿ ಡಬ್ಬಿ ಇಲ್ಲ, ಯಾರಿಗೂ ಕಾಣುವುದಿಲ್ಲ, ಗಂಡಸಿನ ಒಪ್ಪಿಗೆ ಬೇಕಿಲ್ಲ. ಕಾಂಡೋಮ್‌ಗೆ ಇಲ್ಲದ ಗುಣವಿದು: ಅದನ್ನು ಧರಿಸುವವನು ಅವನು, ಬೇಡುವವಳು ಅವಳು. ಸೂಜಿಯಿಂದ ಬಸಿರು ತಪ್ಪುವುದಿಲ್ಲ, ಬೇರೆ ಲೈಂಗಿಕ ಸೋಂಕುಗಳೂ ತಪ್ಪುವುದಿಲ್ಲ ಎಂಬುದನ್ನು ಜೊತೆಗೇ ಹೇಳಬೇಕು.

ಅಮೆರಿಕದಲ್ಲಿ 2025ರ ಜೂನ್‌ನಲ್ಲಿ ಅನುಮತಿ ಸಿಕ್ಕಾಗ ಒಬ್ಬರಿಗೆ ಒಂದು ವರ್ಷದ ಬೆಲೆ 28,000 ಡಾಲರ್ ದಾಟಿತ್ತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಹೈದರಾಬಾದಿನ ಡಾ. ರೆಡ್ಡೀಸ್ ಮತ್ತು ಹೆಟೆರೊ ಕಂಪನಿಗಳು ತಯಾರಿಸುವ ಔಷಧ ಬಡ ಮತ್ತು ಮಧ್ಯಮ ಆದಾಯದ ದೇಶಗಳಿಗೆ 2027ರಿಂದ ವರ್ಷಕ್ಕೆ ಸುಮಾರು 40 ಡಾಲರ್‌ಗೆ ಸಿಗಲಿದೆ ಎಂದು ಘೋಷಣೆಯಾಯಿತು. ಇತ್ತ ಅಮೆರಿಕ ತನ್ನ ವಿದೇಶಿ ನೆರವನ್ನು ಜನವರಿಯಲ್ಲೇ ತಡೆಹಿಡಿದಿತ್ತು. ಕೆಲವು ಕೆಲಸಗಳಿಗೆ ವಿನಾಯಿತಿ ಕೊಟ್ಟಾಗಲೂ ಪ್ರೆಪ್ ನೆರವು ಗರ್ಭಿಣಿಯರಿಗೆ ಮತ್ತು ಹಾಲೂಡಿಸುವ ತಾಯಂದಿರಿಗೆ ಮಾತ್ರ ಎಂದು ಗೆರೆ ಎಳೆಯಿತು. ಆ ಗೆರೆಯ ಹೊರಗೆ ಉಳಿದವರು ಪ್ರಯೋಗದಲ್ಲಿ ಸೊನ್ನೆ ಸೋಂಕು ತೋರಿಸಿದಂಥ ಹುಡುಗಿಯರೇ.

ವಯಸ್ಕರಲ್ಲಿ ಸಾವಿರಕ್ಕೆ ಸುಮಾರು ಇಬ್ಬರಿಗೆ ಎಚ್‌ಐವಿ ಇರುವ ಭಾರತದಲ್ಲಿ ಕಾಲೇಜಿನ ಎಲ್ಲರಿಗೂ ಈ ಸೂಜಿ ಹಾಕುವುದರಲ್ಲಿ ಅರ್ಥವಿಲ್ಲ. ಸೋಂಕಿರುವ ಸಂಗಾತಿಯಿದ್ದು ಅವರ ಚಿಕಿತ್ಸೆ ಇನ್ನೂ ಫಲ ಕೊಡದವರು, ಲೈಂಗಿಕ ವೃತ್ತಿಗೆ ಹೊಸದಾಗಿ ಬಂದ ಎಳೆಯರು, ಗಂಡಸರೊಂದಿಗೆ ಸಂಬಂಧವಿರುವ ಯುವಕರು, ಲಿಂಗತ್ವ ಅಲ್ಪಸಂಖ್ಯಾತರು, ಸೂಜಿಯಿಂದ ಮಾದಕವಸ್ತು ಚುಚ್ಚಿಕೊಳ್ಳುವವರು: ಇವರಿಗೆ ಅದು ಬೇಕಾಗುತ್ತದೆ. ಡಿಸೆಂಬರ್ ಒಂದರ ಜಾಥಾದ ಸಾಲಿನಲ್ಲಿ ಇವರು ತಮ್ಮ ಗುರುತು ಹೇಳಿಕೊಂಡು ನಡೆಯುವುದಿಲ್ಲ. ಇವರನ್ನು ಬಲ್ಲವರು ಸಮುದಾಯ ಸಂಘಟನೆಗಳ ಕ್ಷೇತ್ರ ಕಾರ್ಯಕರ್ತರು, ಮತ್ತು ಜಿಲ್ಲೆಯ ಏಡ್ಸ್ ತಡೆ ಹಣದಲ್ಲಿ ಅವರ ಗೌರವಧನಕ್ಕೆ ಎಷ್ಟು ಪಾಲು, ಬ್ಯಾನರಿಗೆ ಎಷ್ಟು ಪಾಲು ಎಂದು ಕೇಳಿ ನೋಡಬಹುದು.